ಹೆಸರೂ ಸಂಘದ ಆಸ್ತಿಯೇ

ಅಕ್ಕಂದಿರೇ, ದನದ ಜಾತ್ರೆಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡಿದ್ದೀರಿ. ಕೊಳ್ಳುವವರ ಆಸೆ ಗೊತ್ತಾದರೆ ಬೆಲೆ ಏರುತ್ತದೆ. ಕಂಪನಿಗಳೂ ಹೊಸ ಬ್ರ್ಯಾಂಡ್ ಪ್ರಕಟಿಸುವ ಮೊದಲೇ ಅದರ ವೆಬ್‌ಸೈಟ್ ವಿಳಾಸವನ್ನು, ಅಂದರೆ ಡೊಮೈನ್ ಹೆಸರನ್ನು, ಮಧ್ಯವರ್ತಿಗಳ ಮೂಲಕ ಸದ್ದಿಲ್ಲದೆ ಕೊಂಡಿಡುತ್ತವೆ. 2010ರಲ್ಲಿ ‘ಎಫ್‌ಬಿ ಡಾಟ್ ಕಾಮ್’ ವಿಳಾಸಕ್ಕಾಗಿ ಫೇಸ್‌ಬುಕ್ ಕಂಪನಿ ಅಮೆರಿಕದ ರೈತ ಸಂಘಟನೆ ಫಾರ್ಮ್ ಬ್ಯೂರೋಗೆ 85 ಲಕ್ಷ ಡಾಲರ್ ಕೊಟ್ಟಿತು. ಹೆಸರು ಮೊದಲೇ ರೈತರ ಕೈಯಲ್ಲಿತ್ತು, ಅದಕ್ಕೇ ಆ ಬೆಲೆ.

ನಿಮ್ಮ ಸ್ವಸಹಾಯ ಸಂಘ ತುಪ್ಪ, ಪೇಡಾ ಮಾರಲು ಹೊರಟಿದ್ದರೆ, ಲೇಬಲ್ ಅಚ್ಚು ಹಾಕಿಸುವ ಮೊದಲೇ ಡೊಮೈನ್ ನೋಂದಾಯಿಸಿ. ಖರ್ಚು ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ನವೀಕರಣ ಮರೆಯಬೇಡಿ, ಮರೆತರೆ ಬೇರೆಯವರ ಪಾಲಾದೀತು. ಹಸುವಿನ ಕಿವಿಯೋಲೆ ನಿಮ್ಮ ಹೆಸರಿನಲ್ಲಿರುವಂತೆ ಡೊಮೈನ್ ಕೂಡ ಸಂಘದ ಹೆಸರಿನಲ್ಲೇ ಇರಲಿ, ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಿ ಬೇಡ.