ಒಲೆ ಮಾಡೋಕೆ ಬಂದ್ರೆ ಸಾಕಾ, ಒಲೆ ಕಾಯೋಕೂ ಬರಬೇಕು

ಹೋದ ಸಲ ಮಾವಿನಕಾಯಿ ಗೊಜ್ಜು ಬರೆದಿದ್ದೆ. ಪಕ್ಕದ್ಮನೆ ಅಕ್ಕ ಕಾಂಪೌಂಡ್ ಮೇಲಿಂದಾನೇ "ಮುಂದಿನ ಸಲ ಏನು ಬರೀತೀಯೇ?" ಅಂತ ಕೇಳಿದ್ರು. "ಸ್ಪಿರಿಟ್ ಒಲೆ" ಅಂದೆ. "ಅಯ್ಯೋ ಶಿವನೇ, ಗ್ಯಾಸ್ ಖಾಲಿಯಾಯ್ತಾ?" ಅಂದ್ರು. ಗ್ಯಾಸ್ ಇದೆ ಕಣ್ರೀ. ಆದ್ರೆ ನಮ್ಮನೇಲಿ ಒಂದು ತಿಂಗಳಿಂದ ಇದೇ ಮಾತು. ನಿಮ್ಮನೆ ಹುಡುಗ್ರೂ ಇವತ್ತಲ್ಲ ನಾಳೆ ಇದನ್ನ ಮಾಡ್ತಾರೆ, ಅದಕ್ಕೇ ಬರೀತಿದ್ದೀನಿ.

ನನ್ನ ತಂಗಿ ಮಗ ಕಾಲೇಜಿಗೆ ಅಂತ ನಮ್ಮನೇಲೇ ಇದ್ದಾನೆ. ಇಲ್ಲೇ ಉಲ್ಲಾಳದಿಂದ ಬಸ್ಸು ಸಲೀಸು. ಒಂದು ಭಾನುವಾರ ಕೂಲ್‌ಡ್ರಿಂಕ್ ಕ್ಯಾನ್ ಎರಡು ತಂದು, ನನ್ನ ಒಳ್ಳೇ ಕತ್ತರಿ ತಗೊಂಡು ಟೆರೇಸಿಗೆ ಹೋದ. ಎರಡೂ ಕ್ಯಾನಿನ ತಳ ಎರಡು ಬೆರಳಗಲ ಕತ್ತರಿಸಿ, ಮೇಲಿಂದಕ್ಕೆ ಅಂಚಿನ ಸುತ್ತ ಗುಂಡುಪಿನ್ನಲ್ಲಿ ಸಣ್ಣ ಸಣ್ಣ ತೂತು ಹೊಡೆದ. ಒಳಗೆ ತಗಡಿನ ಒಂದು ಸುತ್ತು ನಿಲ್ಸಿ, ಒಂದರೊಳಗೆ ಒಂದು ಒತ್ತಿ ಕೂರಿಸಿದ. ಅಷ್ಟೇ ಒಲೆ. ಅಂಗೈಯಲ್ಲಿ ಇಟ್ರೆ ಭಾರಾನೇ ಗೊತ್ತಾಗಲ್ಲ. ನಡುವೆ ಸ್ಪಿರಿಟ್ ಸುರಿದು ಕಡ್ಡಿ ಗೀರಿದ್ರೆ ಮೊದಲು ಮಧ್ಯದಲ್ಲಿ ಉರಿಯುತ್ತೆ. ಅರ್ಧ ನಿಮಿಷ, ಒಂದು ನಿಮಿಷಕ್ಕೆ ಕ್ಯಾನ್ ಬಿಸಿಯಾಗಿ, ಎರಡು ಗೋಡೆ ಮಧ್ಯದಲ್ಲಿರೋ ಸ್ಪಿರಿಟ್ ಆವಿಯಾಗಿ, ತೂತುಗಳಿಂದ ನೀಲಿ ಉರಿ ಹೂವಿನ ಎಸಳಿನ ಹಾಗೆ ಏಳುತ್ತೆ. ನೋಡೋಕೆ ಚೆನ್ನಾಗಿದೆ, ಸುಳ್ಳು ಯಾಕೆ ಹೇಳ್ಲಿ.

"ಇದೇನು ಆಟದ ಸಾಮಾನು" ಅಂತ ನಮ್ಮನೆಯವರು ನಕ್ಕರು. ನನಗೆ ಹಾಗನ್ನಿಸಲಿಲ್ಲ. ನಮ್ಮಮ್ಮನ ಪಂಪ್ ಸ್ಟೌ ನೆನಪಾಯ್ತು. ಅದರ ಬರ್ನರ್ ಕೆಳಗೆ ಒಂದು ಪುಟ್ಟ ಬಟ್ಟಲು ಇರ್ತಿತ್ತಲ್ಲ, ಅದಕ್ಕೆ ಸ್ಪಿರಿಟ್ ಹಾಕಿ ಹಚ್ಚಿ, ಬರ್ನರ್ ಕಾದ ಮೇಲೆ ಪಂಪ್ ಹೊಡೀತಿದ್ರು. ಮದುವೆ ಮನೆ ಪೆಟ್ರೋಮ್ಯಾಕ್ಸ್ ದೀಪಕ್ಕೂ ಹಾಗೇ. ಈ ಹುಡುಗ ಮಾಡಿದ್ದು ಆ ಬಟ್ಟಲನ್ನೇ, ಪಂಪು ಟ್ಯಾಂಕು ಬಿಟ್ಟು. ಸ್ವೀಡನ್ನಿನ ಟ್ರಾಂಗಿಯಾ ಅನ್ನೋ ಕಂಪನಿ ಇದೇ ತರದ ಹಿತ್ತಾಳೆ ಒಲೆ ಮಾಡಿ 1950ರ ದಶಕದಿಂದ ಮಾರ್ತಾ ಇದೆಯಂತೆ. ನಮ್ಮೂರಲ್ಲೂ ಒಲೆ ಮಾಡೋದನ್ನ ದೊಡ್ಡೋರು ಸಣ್ಣ ಕೆಲಸ ಅಂದ್ಕೊಂಡಿಲ್ಲ. ಟಾಟಾ ಇನ್‌ಸ್ಟಿಟ್ಯೂಟಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನೋ ವಿಭಾಗದೋರು, ಹಳ್ಳಿ ಹೆಂಗಸರ ಕಣ್ಣಿಗೆ ಹೊಗೆ ಹೋಗದೇ ಇರಲಿ, ಸೌದೆ ಉಳೀಲಿ ಅಂತಾನೇ ಅಸ್ತ್ರ ಒಲೆ ಮಾಡಿದ್ರು. ಹಾಗಾಗಿ ಹುಡುಗ ಒಲೆ ಮಾಡಿದ್ದಕ್ಕೆ ನಾನು ಬೈಲಿಲ್ಲ.

ಬೈದಿದ್ದು ಆಮೇಲೆ.

ಹನ್ನೊಂದು ಗಂಟೆ ಬಿಸಿಲು. ಒಲೆ ಮೇಲೆ ಪಾತ್ರೆಯಲ್ಲಿ ನೀರು ಇನ್ನೂ ಕುದ್ದಿರಲಿಲ್ಲ. "ದೊಡ್ಡಮ್ಮ, ಆರೋಯ್ತು, ಇನ್ನೊಂಚೂರು ಹಾಕ್ತೀನಿ" ಅಂತ ಪಾತ್ರೆ ಇಳಿಸಿ, ಸ್ಪಿರಿಟ್ ಬಾಟ್ಲಿ ಮುಚ್ಚಳ ತೆಗೆದು ಬಗ್ಗಿದ. ನನಗೂ ಉರಿ ಕಾಣಿಸ್ಲಿಲ್ಲ. ಆದ್ರೆ ಒಲೆ ಮೇಲಿನ ಗಾಳಿ ನಡುಗ್ತಾ ಇತ್ತು. "ನಿಲ್ಲೋ!" ಅಂತ ಕೂಗಿ, ಕೈಯಲ್ಲಿದ್ದ ಪೊರಕೆಯಿಂದ ಒಂದು ಕಡ್ಡಿ ಕಿತ್ತು ಒಲೆ ಮೇಲೆ ಹಿಡಿದೆ. ಕಡ್ಡಿ ತುದಿ ಹತ್ಕೊಳ್ತು.

ಹುಡುಗನ ಮುಖ ಬಿಳಿಚ್ಕೊಳ್ತು. ಬಾಟ್ಲಿ ಒಲೆಯಿಂದ ಒಂದು ಗೇಣು ದೂರದಲ್ಲಿತ್ತು ಅಷ್ಟೇ. ಸ್ಪಿರಿಟ್ಟಿನ ಉರಿ ತಿಳಿ ನೀಲಿ, ಬಿಸಿಲಲ್ಲಿ ಕಣ್ಣಿಗೆ ಬೀಳಲ್ಲ. ಉರಿ ಇರೋ ಒಲೆಗೆ ಬಾಟ್ಲಿಯಿಂದ ಸುರಿದ್ರೆ ಬೆಂಕಿ ಧಾರೆ ಹಿಡ್ಕೊಂಡು ಬಾಟ್ಲಿ ಒಳಗೇ ಹೋಗಿ, ಬಾಯಿಂದ ಹೊರಕ್ಕೆ ಚಿಮ್ಮುತ್ತೆ. ಸುರಿಯೋನಿಗಿಂತ ಎದುರಿಗೆ ಕೂತೋರಿಗೇ ಹೆಚ್ಚು ಅಪಾಯ.

ಅವನು ಆ ಒಲೆ ಮಾಡೋ ವಿಡಿಯೋ ಹತ್ತು ಸಲ ನೋಡಿದ್ದ. ತೂತು ಎಷ್ಟು, ಎಲ್ಲಿ ಅಂತ ಎಲ್ಲ ಬಾಯಿಪಾಠ. ಕಡ್ಡಿ ಹಿಡಿದು ನೋಡಬೇಕು ಅನ್ನೋದು ಮಾತ್ರ ಗೊತ್ತಿರಲಿಲ್ಲ. ಯಾರು ಹೇಳ್ಕೊಡಬೇಕಿತ್ತು ಹೇಳಿ? ನಾವೇ.

ನಾನು ಪಿಯುಸಿ ಸೈನ್ಸ್ ಓದಿದೋಳು. ಕೆಮಿಸ್ಟ್ರಿ ಲ್ಯಾಬಲ್ಲಿ ಸ್ಪಿರಿಟ್ ಲ್ಯಾಂಪ್ ಕೊಡೋಕೆ ಮುಂಚೆ ನಮ್ಮ ಮೇಡಂ ಮೂರು ಮಾತು ಹೇಳೋರು. ಒಂದು ಲ್ಯಾಂಪಿಂದ ಇನ್ನೊಂದು ಹಚ್ಚಬೇಡಿ, ಬಾಯಲ್ಲಿ ಊದಬೇಡಿ, ಮುಚ್ಚಳ ಹಾಕಿ ಆರಿಸಿ. ಅದು ಲ್ಯಾಬಿನ ಪಾಠ. ಅಡುಗೆಮನೆ ಪಾಠ ಅಮ್ಮನದು. ಉರೀತಿರೋ ಬತ್ತಿ ಸ್ಟೌಗೆ ಸೀಮೆಎಣ್ಣೆ ಹುಯ್ಯಬಾರದು. ಸೆರಗು ಸಿಗಿಸ್ಕೋ. ಒಲೆಗೆ ಬೆನ್ನು ಹಾಕಿ ನಿಲ್ಲಬೇಡ. ಒಲೆ ಹತ್ತಿಸಿ ಬಾಗಿಲಿಗೆ ಹೋಗಬೇಡ. ನನಗೆ ಎಂಟು ವರ್ಷ ಇದ್ದಾಗಿಂದ ಕೇಳಿದ್ದು. ಆಗ ಬೇಜಾರಾಗ್ತಿತ್ತು. ಆವತ್ತು ಟೆರೇಸಲ್ಲಿ ಕೈ ತಾನಾಗೇ ಪೊರಕೆ ಕಡ್ಡಿಗೆ ಹೋಯ್ತಲ್ಲ, ಅದು ಆ ಬೇಜಾರಿನ ಫಲ.

ಈಗ ಗ್ಯಾಸಿಗೆ ಗುಂಡಿ ತಿರುಗಿಸಿದ್ರೆ ಉರಿ, ತಿರುಗಿಸಿದ್ರೆ ಇಲ್ಲ. ಇಂಡಕ್ಷನ್ನಲ್ಲಿ ಉರೀನೇ ಇಲ್ಲ. ಮಕ್ಕಳಿಗೆ ಬೆಂಕಿ ಗುಣ ಗೊತ್ತಾಗೋದಾದ್ರೂ ಹೇಗೆ? ಅದ್ರಲ್ಲೂ ಗಂಡು ಮಕ್ಕಳನ್ನ ನಾವು ಅಡುಗೆಮನೆಯಿಂದ ಆಚೆಗೇ ಕಳಿಸ್ತೀವಿ. ಆಮೇಲೆ ಅವರು ಬೆಟ್ಟಕ್ಕೆ ಹೋಗಿ ಬೆಂಕಿ ಹಾಕ್ಕೊಂಡು ಕೂರ್ತಾರೆ.

ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ಒಂದೇ ಮಾತು, "ಅಕ್ಕಾ, ಅದನ್ನ ಕಸಕ್ಕೆ ಬಿಸಾಕು." ಅವಳ ತಪ್ಪಲ್ಲ. ನಮ್ಮ ವಯಸ್ಸಿನ ಹೆಂಗಸರಿಗೆ ಬೆಂಕಿ ಅಂದ್ರೆ ಮೊದಲು ಬಾಯಿಗೆ ಬರೋದೇ "ಬೇಡ". ಸ್ಟೌ ಸಿಡಿದು ಗೃಹಿಣಿ ಸಾವು ಅಂತ ಪೇಪರಲ್ಲಿ ಎಷ್ಟು ಓದಿಲ್ಲ ನಾವು. ಅಷ್ಟೂ ಸಲ ಸ್ಟೌವೇ ಸಿಡೀತಾ, ಹೊಸ ಸೊಸೆ ಅಡುಗೆ ಮಾಡುವಾಗ ಮಾತ್ರ ಯಾಕೆ ಸಿಡಿಯುತ್ತೆ ಅಂತ ನಮ್ಮ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು 90ರ ದಶಕದಲ್ಲಿ ಕೇಳಿದ್ರು. ಆ ಭಯ ನಮ್ಮ ಮೈಯೊಳಗೇ ಇದೆ. ಆದ್ರೆ "ಬೇಡ" ಅಂದ್ರೆ ಹುಡುಗ್ರು ಬಿಡ್ತಾರಾ? ನಮ್ಮ ಟೆರೇಸ್ ಬಿಟ್ಟು ಫ್ರೆಂಡ್ ರೂಮಲ್ಲಿ ಮಾಡ್ತಾರೆ. ಅಲ್ಲಿ ಪೊರಕೆ ಹಿಡ್ಕೊಂಡು ನಿಲ್ಲೋ ದೊಡ್ಡಮ್ಮ ಇರಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು. ಒಲೆ ಮಾಡ್ಲಿ. ಆದ್ರೆ ನಮ್ಮ ಕಣ್ಣೆದುರಿಗೆ ಮಾಡ್ಲಿ, ಒಲೆ ಕಾಯೋದನ್ನ ನಮ್ಮ ಹತ್ರ ಕಲೀಲಿ.

ನಮ್ಮನೇಲಿ ಈಗ ಕಟ್ಟುನಿಟ್ಟು ಹೀಗಿದೆ. ಸ್ಪಿರಿಟ್ ಯಾವತ್ತೂ ಬಾಟ್ಲಿಯಿಂದ ನೇರ ಒಲೆಗೆ ಸುರಿಯೋ ಹಾಗಿಲ್ಲ. ಕೆಮ್ಮಿನ ಔಷಧಿ ಜೊತೆ ಬರುತ್ತಲ್ಲ ಅಳತೆ ಮುಚ್ಚಳ, ಅದರಲ್ಲಿ ಅಳೆದು ಹಾಕಬೇಕು. ಬಾಟ್ಲಿ ಮುಚ್ಚಳ ಬಿಗಿದು ಹತ್ತು ಹೆಜ್ಜೆ ಆಚೆ ಇಟ್ಟು ಬಂದ ಮೇಲೇ ಕಡ್ಡಿ ಗೀರೋದು. ಗಾಳಿಗೆ ತಗಡು ಅಡ್ಡ ಇಟ್ರೆ 30 ಮಿಲಿಗೆ ಅರ್ಧ ಲೀಟರ್ ನೀರು ಕುದಿಯುತ್ತೆ. ಕುದೀಲಿಲ್ವಾ, ಆರೋವರೆಗೂ ಕಾಯಿ. ಕಡ್ಡಿ ಹಿಡಿದು ನೋಡು. ಕ್ಯಾನ್ ಮುಟ್ಟಿದ್ರೆ ತಣ್ಣಗಿರಬೇಕು. ಆಮೇಲೆ ಇನ್ನೊಂದು ಅಳತೆ. ಈ ಒಲೆಗೆ ಗುಂಡಿ ಇಲ್ಲ, ಸಣ್ಣ ಉರಿ ದೊಡ್ಡ ಉರಿ ಇಲ್ಲ. ಆರಿಸೋಕೆ ಮೇಲೆ ಕವುಚೋ ಸ್ಟೀಲ್ ಡಬ್ಬಿ ಪಕ್ಕದಲ್ಲೇ ಇರಬೇಕು. ಬಕೆಟ್ ನೀರೂ ಇರಬೇಕು. ಕಾದ ಎಣ್ಣೆಗೆ ನೀರು ಹಾಕಬಾರದು ನಿಜ, ಆದ್ರೆ ಸ್ಪಿರಿಟ್ ನೀರಲ್ಲಿ ಬೆರೆಯುತ್ತೆ, ಅದಕ್ಕೆ ಧಾರಾಳ ನೀರು ಬೇಕು. ಒಂದು ಲೋಟ ಎರಚಿದ್ರೆ ಬೆಂಕಿ ಹರಡುತ್ತೆ ಅಷ್ಟೇ. ಮೈ ಮೇಲೆ ಹತ್ತಿ ಬಟ್ಟೆ, ಜೋತು ಬೀಳೋ ಅಂತಾದ್ದು ಏನೂ ಇರಬಾರದು. ಟೆಂಟ್ ಒಳಗೆ, ಬಾಗಿಲು ಹಾಕಿದ ರೂಮಲ್ಲಿ ಹಚ್ಚೋದೇ ಇಲ್ಲ. ಬಟ್ಟೆ ಹತ್ಕೊಳ್ಳೋದು ಒಂದು, ವಿಷಗಾಳಿ ತುಂಬ್ಕೊಳ್ಳೋದು ಇನ್ನೊಂದು. ಅಕಸ್ಮಾತ್ ಕೈ ಸುಟ್ರೆ ಇಪ್ಪತ್ತು ನಿಮಿಷ ನಲ್ಲಿ ನೀರು. ಪೇಸ್ಟೂ ಬೇಡ, ಇಂಕೂ ಬೇಡ, ಅರಿಶಿನಾನೂ ಬೇಡ.

ಇನ್ನು ಬಾಟ್ಲಿ ಮಾತು. ಇದು ಒಲೆಗಿಂತ ದೊಡ್ಡದು.

ಆ ಹುಡುಗ ಸ್ಪಿರಿಟ್ ತಂದಿದ್ದು ಪೇಂಟ್ ಅಂಗಡಿಯಿಂದ, ಮರಕ್ಕೆ ಪಾಲಿಶ್ ಹಾಕೋರು ತಗೋತಾರಲ್ಲ ಅದು. ಉಳಿದಿದ್ದನ್ನ ಖಾಲಿ ನೀರಿನ ಬಾಟ್ಲಿಗೆ ಹಾಕಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟಿದ್ದಾನೆ. ನೋಡೋಕೆ ನೀರೇ. ರಾತ್ರಿ ನಮ್ಮ ಮಾವನವರು ಬಿಪಿ ಮಾತ್ರೆ ತಗೊಳ್ಳೋಕೆ ಎದ್ದು ಬಂದು, ಕೈಗೆ ಸಿಕ್ಕಿದ ಬಾಟ್ಲಿ ತೆಗೆದ್ರು. ಪುಣ್ಯಕ್ಕೆ ವಾಸನೆ ಮೂಗಿಗೆ ಹೊಡೀತು. "ಏನಮ್ಮಾ ಇದು, ನೀರು ಕೆಟ್ಟೋಗಿದೆ" ಅಂತ ನನ್ನ ಎಬ್ಬಿಸಿದ್ರು. ಅವತ್ತು ನೆಗಡಿ ಇದ್ದಿದ್ರೆ? ಅದನ್ನ ನೆನೆಸ್ಕೊಂಡು ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಆ ಸ್ಪಿರಿಟ್ಟನ್ನ ಜನ ಕುಡೀಬಾರದು ಅಂತಾನೇ ಅದಕ್ಕೆ ವಿಷ ಬೆರೆಸಿರ್ತಾರೆ. ಮೆಥೆನಾಲ್ ಅನ್ನೋದಿದ್ರೆ ಕಣ್ಣೇ ಹೋಗುತ್ತೆ, ಜೀವ ಹೋಗುತ್ತೆ. 1981ರಲ್ಲಿ ನಮ್ಮ ಬೆಂಗಳೂರಲ್ಲೇ ಅದು ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ನಾನಾಗ ಸ್ಕೂಲಿಗೆ ಹೋಗೋ ಹುಡುಗಿ, ದೊಡ್ಡೋರೆಲ್ಲ ಪಿಸುಮಾತಲ್ಲಿ ಅದೇ ಮಾತಾಡ್ತಿದ್ದದ್ದು ನೆನಪಿದೆ. ಹಾಗಾಗಿ ಸ್ಪಿರಿಟ್ ತಂದ ಡಬ್ಬದಲ್ಲೇ ಇರಲಿ. ಮೇಲೆ ಕೆಂಪು ಟೇಪ್ ಸುತ್ತಿ "ವಿಷ" ಅಂತ ಕನ್ನಡದಲ್ಲಿ ಬರೀರಿ, ಮನೇಲಿ ವಯಸ್ಸಾದೋರು ಓದೋ ಹಾಗೆ. ಅಡುಗೆಮನೆ ಒಳಗಂತೂ ಬೇಡವೇ ಬೇಡ. ಕೊರೊನಾ ಟೈಮಿನ ಸ್ಯಾನಿಟೈಸರ್ ಉಳಿದಿದ್ರೆ ಅದನ್ನ ಒಲೆಗೆ ಹಾಕೋ ಬುದ್ಧಿವಂತಿಕೇನೂ ಬೇಡ. ಅಂಟಂಟು ಜೆಲ್ ಕೈಗೆ ಮೆತ್ಕೊಂಡು ಉರಿಯುತ್ತೆ.

"ಇಷ್ಟೆಲ್ಲ ಯಾಕೆ, ಅಂಗಡೀಲಿ ಸಣ್ಣ ಗ್ಯಾಸ್ ಒಲೆ ಸಿಗುತ್ತೆ, ಕೊಂಡ್ಕೊಂಡ್ರೆ ಮುಗೀತು" ಅಂತಾರೆ ನಮ್ಮನೆಯವರು. ಆ ಮಾತಲ್ಲೂ ನಿಜ ಇದೆ. ಗುಂಡಿ ಇರೋ ಒಲೆ ಒಳ್ಳೇದೇ, ದುಡ್ಡಿದ್ದೋರು ತಗೊಳ್ಲಿ. ಸ್ಪಿರಿಟ್ಟಲ್ಲಿ ಶಾಖಾನೂ ಕಮ್ಮಿ, ತೂಕಕ್ಕೆ ತೂಕ ನೋಡಿದ್ರೆ ಸೀಮೆಎಣ್ಣೆಯ ಮೂರರಲ್ಲಿ ಎರಡು ಭಾಗದಷ್ಟೂ ಬರಲ್ಲ. ಅನ್ನ ಬೇಯಿಸೋಕೆ ಆಗಲ್ಲ, ಮುದ್ದೆ ಮಾತಂತೂ ಬಿಡಿ. ಕಾಫಿ, ಹುರಿದ ರವೆಗೆ ಒಗ್ಗರಣೆ ಹಾಕಿಟ್ಟ ಉಪ್ಪಿಟ್ಟು, ಅಷ್ಟಕ್ಕೇ ಸರಿ. ಆದ್ರೆ ಒಲೆ ಹತ್ರ ನಿಲ್ಲೋಕೆ ಬರದೇ ಇರೋನಿಗೆ ಗುಂಡಿ ಇದ್ದರೂ ಅಷ್ಟೇ.

ಇನ್ನೊಂದು ಮಾತು. ಸಾವನದುರ್ಗ, ಕುಮಾರ ಪರ್ವತ ಅಂತ ಕಾಡಿಗೆ ಹೋಗೋರು ಯಾವ ಒಲೇನೂ ಒಯ್ಯಬೇಡಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚೋದು 1963ರ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. 2019ರ ಫೆಬ್ರವರೀಲಿ ಬಂಡೀಪುರ ಸಾವಿರಾರು ಎಕರೆ ಉರಿದದ್ದನ್ನ ಟಿವೀಲಿ ನೋಡಿ ಅತ್ತಿಲ್ವಾ ನಾವು? ಕಾಡಿಗೆ ಹುರಿಹಿಟ್ಟು ಕೊಟ್ಟು ಕಳಿಸಿ. ಬೆಲ್ಲ, ನೀರು ಹಾಕಿ ಕಲಸಿದ್ರೆ ಆಯ್ತು. ಗೊಜ್ಜವಲಕ್ಕಿ ಪುಡಿ ಮಾಡಿ ಕೊಟ್ರೆ ತಣ್ಣೀರಲ್ಲೇ ನೆನೆಯುತ್ತೆ.

ನಮ್ಮ ಹುಡುಗ ಹೋಗಿದ್ದು ಮಂಚನಬೆಲೆ ಕಡೆ ಅವನ ಸ್ನೇಹಿತನ ತೋಟಕ್ಕೆ. ಹೋಗೋಕೆ ಮುಂಚೆ ನಾಲ್ಕು ಭಾನುವಾರ ಟೆರೇಸಲ್ಲಿ ನನ್ನೆದುರು ಒಲೆ ಹಚ್ಚಿ, ಆರಿಸಿ, ಕಾಫಿ ಮಾಡಿ ಕೊಟ್ಟ. ಮೊದಲನೇದು ಬರೀ ನೀರು, ನಾಲ್ಕನೇದು ಪರವಾಗಿಲ್ಲ.

ಆಗ ನನ್ನ ಮಗಳು ಒಂದು ಮಾತು ಅಂದ್ಳು. "ಅಮ್ಮಾ, ನಾನು ಪಿಯುಸೀಲಿ ಟ್ರೆಕ್ಕಿಂಗ್ ಹೋಗ್ತೀನಿ ಅಂದಾಗ ಕಳಿಸಲೇ ಇಲ್ಲ ನೀನು. ನನಗೆ ಹತ್ತು ವರ್ಷಕ್ಕೇ ಒಲೆ ಮುಂದೆ ನಿಲ್ಲೋದು ಕಲಿಸಿದ್ದೆ. ಏನೂ ಬರದೇ ಇರೋನನ್ನ ಕಳಿಸ್ತಿದ್ದೀಯಾ." ಕೋಪದಲ್ಲಿ ಹೇಳ್ಲಿಲ್ಲ, ಬಟ್ಟೆ ಮಡಚ್ತಾ ಹೇಳಿದ್ಳು. ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮಲ್ಲಿ ಎಷ್ಟು ಜನರ ಹತ್ರ ಇದೆಯೋ ಗೊತ್ತಿಲ್ಲ. ಬೆಂಕಿ ಗೊತ್ತಿರೋ ಹೆಣ್ಣುಮಕ್ಕಳನ್ನ ಮನೇಲಿ ಕೂರಿಸಿ, ಗೊತ್ತಿಲ್ಲದ ಗಂಡುಮಕ್ಕಳ ಕೈಗೆ ಬೆಂಕಿಪೊಟ್ಣ ಕೊಟ್ಟು ಕಳಿಸಿದ್ದೀವಿ ನಾವು.

ಹುಡುಗ ಸುಖವಾಗಿ ವಾಪಸ್ ಬಂದ. ಒಲೆ ಚೀಲದಲ್ಲೇ ಇತ್ತು, ಜೊತೆಗೆ ನಮ್ಮನೆ ಪೊರಕೆ ಕಡ್ಡಿ ಒಂದು ಹಿಡಿ. ಮುಂದಿನ ತಿಂಗಳು ಮಗಳು ಅವಳ ಆಫೀಸಿನ ಗೆಳತಿಯರ ಜೊತೆ ಅದೇ ತೋಟಕ್ಕೆ ಹೋಗ್ತಾಳೆ. ಒಲೆ ಅವಳಿಗೆ ಕೊಟ್ಟಿದ್ದಾನೆ. ಈ ಸಲ ನಾನು ಬೇಡ ಅಂದಿಲ್ಲ.

ನಿಮ್ಮನೆ ಹುಡುಗ್ರಿಗೆ ಒಲೆ ಮಾಡೋಕೆ ಬರದಿದ್ರೂ ಚಿಂತೆ ಇಲ್ಲ. ಈ ಭಾನುವಾರ ಒಂದು ಸಾರಿನ ಒಗ್ಗರಣೆ ಹಾಕಿಸಿ. ಸಾಸಿವೆ ಸಿಡಿಯುವಾಗ ಹಿಂದೆ ಸರೀತಾರಾ, ಉರಿ ತಗ್ಗಿಸ್ತಾರಾ ನೋಡಿ. ಅಲ್ಲಿಂದ ಶುರು ಮಾಡಿದ್ರೆ ಆಯ್ತು.