ಪುಣ್ಯಕೋಟಿ, ಅರ್ಬುತ ಮತ್ತು ಹೂಗ್ಯಂ

ಕನ್ನಡ ಶಾಲೆಯಲ್ಲಿ ಓದಿದವರಲ್ಲಿ ‘ಗೋವಿನ ಹಾಡು’ ಕೇಳದವರು ವಿರಳ. ಕರ್ತೃ ಯಾರೆಂದು ತಿಳಿಯದ ಈ ಕಥನಗೀತೆ ತಲೆಮಾರುಗಳಿಂದ ನಮ್ಮ ಮಕ್ಕಳಿಗೆ ಸತ್ಯದ ಮೊದಲ ಪಾಠವಾಗಿದೆ. ಅರವತ್ತು ದಾಟಿದ ಮೇಲೆ ಅದನ್ನು ಮತ್ತೆ ಓದಿದಾಗ ನನ್ನ ಗಮನ ಹೋದದ್ದು ಪುಣ್ಯಕೋಟಿಯ ಕಡೆಗಲ್ಲ, ಅರ್ಬುತನೆಂಬ ಹುಲಿಯ ಕಡೆಗೆ.

ಹಸು ಕೊಟ್ಟ ಮಾತಿನಂತೆ ಹಿಂದಿರುಗುತ್ತದೆ. ಹಸಿದ ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ಬಾಲ್ಯದಲ್ಲಿ ಇದು ಸತ್ಯದ ಗೆಲುವಾಗಿ ಕಂಡಿತ್ತು. ಆದರೆ ಹುಲ್ಲು ತಿಂದು ಬದುಕಲಾರದ ಪ್ರಾಣಿಯೊಂದು ತನ್ನ ಆಹಾರಕ್ಕಾಗಿ ನಾಚಿ ಸಾಯಬೇಕೆ? ಹಸಿವಿಗೆ ಹಾಡು ಪರಿಹಾರ ಹೇಳುವುದಿಲ್ಲ; ಹಸಿದವನನ್ನೇ ಕಥೆಯಿಂದ ತೆಗೆದುಹಾಕುತ್ತದೆ.

ಹಾಡಿನ ಹುಲಿ ತಾನಾಗಿ ಸತ್ತಿತು. ಹನೂರು ತಾಲ್ಲೂಕಿನ ಹೂಗ್ಯಂ ವಲಯದಲ್ಲಿ ಹಾಗಾಗಲಿಲ್ಲ. 2025ರ ಜೂನ್ 26ರಂದು ಅಲ್ಲಿನ ಮೀಣ್ಯಂ ಅರಣ್ಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಶವವಾಗಿ ಪತ್ತೆಯಾದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತೆಂದು ತನಿಖೆ ಹೇಳಿತು, ಮೂವರ ಬಂಧನವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹನೂರು ವಲಯದಲ್ಲಿ ಮತ್ತೊಂದು ಹುಲಿಯ ದೇಹ ತುಂಡರಿಸಿದ ಸ್ಥಿತಿಯಲ್ಲಿ ಸಿಕ್ಕಿತು. ಮಾದಪ್ಪ ಹುಲಿಯನ್ನೇರಿ ಸಂಚರಿಸಿದನೆಂದು ಹಾಡುವ ಸೀಮೆಯಲ್ಲಿ ನಡೆದ ಘಟನೆಗಳಿವು.

ಈ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಖಂಡಿಸಿ ಸುಮ್ಮನಾಗುವುದು ನಗರವಾಸಿಗಳಾದ ನಮಗೆ ಬಹಳ ಸುಲಭ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವುದು ಒಂದು ಸರಳ ಲೆಕ್ಕ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ದೇಶದಲ್ಲಿ ಎರಡನೆಯ ಸ್ಥಾನ. ಅದರ ಹೆಮ್ಮೆ ಇಡೀ ನಾಡಿನದು. ಆದರೆ ಹುಲಿ ತಿಂದ ಹಸುವಿನ ನಷ್ಟ ಒಂದೇ ಮನೆಯದು. ಕಾಡಂಚಿನ ಕುಟುಂಬಕ್ಕೆ ಹಸುವೆಂದರೆ ಹಾಲು, ಗೊಬ್ಬರ, ಕಷ್ಟಕಾಲಕ್ಕೆ ಮಾರಬಹುದಾದ ಏಕೈಕ ಆಸ್ತಿ. ಲಾಭ ಎಲ್ಲರಿಗೂ, ವೆಚ್ಚ ಒಬ್ಬನಿಗೇ ಎನ್ನುವ ವ್ಯವಸ್ಥೆ ಬಹುಕಾಲ ಬಾಳದು.

ಕಾಯುವವರ ಸ್ಥಿತಿಯೂ ಭಿನ್ನವಾಗಿರಲಿಲ್ಲ. ಹೊರಗುತ್ತಿಗೆ ಅರಣ್ಯ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲವೆಂಬುದು ಈ ದುರಂತದ ನಂತರವೇ ದೊಡ್ಡ ಸುದ್ದಿಯಾಯಿತು. ಜುಲೈನಲ್ಲಿ ಕಾಡಿನೊಳಗೆ ದನ ಮೇಯಿಸುವುದನ್ನು ನಿಷೇಧಿಸುವ ಸೂಚನೆ ಅರಣ್ಯ ಸಚಿವರಿಂದ ಹೊರಟಿತು; ಬೆಟ್ಟದ ಸುತ್ತಲಿನ ಜನ ಸಹಜವಾಗಿಯೇ ಪ್ರತಿಭಟಿಸಿದರು. 906 ಚದರ ಕಿಲೋಮೀಟರಿನ ಮಲೆ ಮಹದೇಶ್ವರ ವನ್ಯಧಾಮ ಘೋಷಣೆಯಾದದ್ದು 2013ರಲ್ಲಿ. ದನದ ದೊಡ್ಡಿಗಳು ಅದಕ್ಕಿಂತ ಬಹಳ ಹಳೆಯವು. ಮೇವಿಗೆ ಬದಲಿ ದಾರಿ ತೋರದೆ ಹೊರಡಿಸುವ ಆದೇಶ ಕಡತದಲ್ಲಷ್ಟೇ ಜಾರಿಯಾಗುತ್ತದೆಂಬುದು ಮೂರು ದಶಕ ಆಡಳಿತದಲ್ಲಿದ್ದ ನನ್ನ ಅನುಭವ.

ಇಲ್ಲಿಯೇ ಗೋವಿನ ಹಾಡು ನಮಗೆ ಇನ್ನೊಂದು ಅರ್ಥದಲ್ಲಿ ಒದಗುತ್ತದೆ. ಪುಣ್ಯಕೋಟಿ ಹುಲಿಯನ್ನು ನಿಂದಿಸುವುದಿಲ್ಲ. ಅದರ ಹಸಿವನ್ನು ಒಪ್ಪಿ, ಕಾಲಾವಕಾಶ ಕೇಳಿ, ನುಡಿದಂತೆ ನಡೆಯುತ್ತದೆ. ಹಾಡಿನ ತಿರುಳು ಹುಲಿಯ ಸಾವಲ್ಲ, ಮಾತಿನ ಪಾಲನೆ. ಹಾಡಿನಲ್ಲಿ ಆ ಹೊಣೆಯನ್ನು ಮೂಕಪ್ರಾಣಿ ಹೊತ್ತಿತು. ಇಂದು ಅದನ್ನು ಹೊರಬೇಕಾದದ್ದು ಸರ್ಕಾರ. ಜಾನುವಾರು ಹಾನಿಗೆ ಪರಿಹಾರ ಕೊಡುತ್ತೇವೆಂಬುದೂ ಒಂದು ಮಾತೇ. ಕಾವಲುಗಾರನಿಗೆ ಸಂಬಳ ಕೊಡುತ್ತೇವೆಂಬುದೂ ಮಾತೇ.

ಹಸು ಸತ್ತ ಎರಡು ದಿನಗಳೊಳಗೆ ಪರಿಹಾರದ ಒಂದು ಭಾಗವಾದರೂ ಸ್ಥಳದಲ್ಲೇ ಕೈಸೇರಬೇಕು. ಉಳಿದ ಮೊತ್ತಕ್ಕೆ ಗಡುವಿರಬೇಕು. ಗಡುವು ಮೀರಿದರೆ ಅಧಿಕಾರಿ ಕಾರಣ ಕೊಡಬೇಕು. ಕಾವಲುಗಾರರ ಸಂಬಳ ಗುತ್ತಿಗೆದಾರನ ಮರ್ಜಿಗೆ ಬಿಡದೆ ನೇರ ಅವರ ಖಾತೆಗೆ ಬರಬೇಕು. ನಿಷೇಧಕ್ಕೆ ಮೊದಲು ಮೇವು, ಕೊಟ್ಟಿಗೆಗಳಿಗೆ ನೆರವು ಬರಬೇಕು. ಇವಕ್ಕೆ ತಗಲುವ ಹಣ ಐದು ಹುಲಿಗಳ ಬೆಲೆಗಿಂತ ಹೆಚ್ಚಾಗಲಾರದು.

ಮಕ್ಕಳು ಈ ಹಾಡನ್ನು ಕಲಿಯುತ್ತಲೇ ಇರಲಿ. ಪುಣ್ಯಕೋಟಿಯನ್ನು ಕಂಡು ಕಣ್ಣೀರು ಹಾಕಿದ ಮಗು ‘ಹಾಗಾದರೆ ಹುಲಿ ಏನು ತಿನ್ನಬೇಕು?’ ಎಂದು ಕೇಳಿದರೆ ಗದರಿಸದಿರೋಣ. ಆ ಪ್ರಶ್ನೆಗೆ ದೊಡ್ಡವರಾದ ನಾವು ಇನ್ನೂ ಉತ್ತರ ಕೊಟ್ಟಿಲ್ಲ.