ಟಿ.ಎ. ಎಂದರೆ ಪ್ರಯಾಣ ಭತ್ಯೆಯಲ್ಲ

"ನನಗೆ ಟಿ.ಎ. ಸಿಕ್ಕಿತು" ಎಂದು 2012ರ ಬೇಸಿಗೆಯಲ್ಲಿ ಅಮೆರಿಕದಿಂದ ಫೋನ್ ಮಾಡಿ ಹೇಳಿದಾಗ ನಮ್ಮಪ್ಪ ಕೇಳಿದ ಮೊದಲ ಪ್ರಶ್ನೆ, "ಹಾಗಾದರೆ ಡಿ.ಎ. ಎಷ್ಟು?" ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಬಿಲ್ಲು ಬರೆದವರಿಗೆ ಟಿ.ಎ. ಎಂದರೆ ಪ್ರಯಾಣ ಭತ್ಯೆ ಬಿಟ್ಟು ಬೇರೇನಾದರೂ ಆಗಿರಲು ಸಾಧ್ಯವೆ? ಟೀಚಿಂಗ್ ಅಸಿಸ್ಟೆಂಟ್, ಅಂದರೆ ಪ್ರಾಧ್ಯಾಪಕರಿಗೆ ಪಾಠದಲ್ಲಿ ನೆರವಾಗುವ ವಿದ್ಯಾರ್ಥಿ ಎಂದು ವಿವರಿಸಿದೆ. "ಓದಲು ಕಳಿಸಿದರೆ ಮೇಷ್ಟ್ರಾದೆಯಾ" ಎಂದು ನಕ್ಕರು. ಆ ನಗುವಿನಲ್ಲಿ ಸ್ವಲ್ಪ ನಿರಾಳವೂ ಇತ್ತು. ಮೊದಲ ವರ್ಷದ ಖರ್ಚೆಲ್ಲ ಬ್ಯಾಂಕಿನ ಸಾಲದಲ್ಲೇ ನಡೆದಿತ್ತು.

ನಾನು ದಾವಣಗೆರೆಯಲ್ಲಿ ಬಿ.ಡಿ.ಎಸ್. ಮುಗಿಸಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿಗೆ, ಅಂದರೆ ಎಂ.ಪಿ.ಎಚ್.ಗೆ, ಹೋದವಳು. ದಂತವೈದ್ಯರಿಗೂ ಆ ಪದವಿಗೂ ಏನು ಸಂಬಂಧ ಎಂದು ಈಗಲೂ ಕೇಳುವವರಿದ್ದಾರೆ. ನನ್ನ ತರಗತಿಯಲ್ಲಿ ಭಾರತದಿಂದ ಬಂದಿದ್ದವರಲ್ಲಿ ಬಹುಪಾಲು ಹಲ್ಲಿನ ಡಾಕ್ಟರರೇ ಎಂದರೆ ಸಾಕು.

ಕೆಲಸ ವಾರಕ್ಕೆ 20 ಗಂಟೆ. ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿಗಳು ನಡೆಯುವ ಕಾಲದಲ್ಲಿ ವಿಶ್ವವಿದ್ಯಾಲಯದೊಳಗೆ ಅದಕ್ಕಿಂತ ಹೆಚ್ಚು ದುಡಿಯುವಂತಿಲ್ಲ. ಪ್ರಾಧ್ಯಾಪಕರು ವಾರಕ್ಕೆರಡು ಸಲ ಉಪನ್ಯಾಸ ಕೊಟ್ಟು ಹೋಗುತ್ತಿದ್ದರು. ಅದನ್ನು ಸಣ್ಣ ಗುಂಪುಗಳಿಗೆ ಲೆಕ್ಕ ಮಾಡಿಸಿ ಅರಗಿಸುವುದು, ಉತ್ತರಪತ್ರಿಕೆ ತಿದ್ದುವುದು, ನಿಗದಿತ ಹೊತ್ತಿನಲ್ಲಿ ಕೊಠಡಿಯ ಬಾಗಿಲು ತೆರೆದಿಟ್ಟು ಕುಳಿತು ಬಂದವರ ಅನುಮಾನ ಬಗೆಹರಿಸುವುದು ನನ್ನ ಪಾಲು. ವಿಷಯ ಎಪಿಡೆಮಿಯಾಲಜಿ, ಅಂದರೆ ರೋಗ ಯಾರಿಗೆ, ಎಲ್ಲಿ, ಏಕೆ ಹರಡುತ್ತದೆ ಎಂಬುದರ ಶಾಸ್ತ್ರ. 'ಎ' ಬಂದಲ್ಲೆಲ್ಲ ಮುಂದೊಂದು 'ಯ' ಸೇರಿಸುವ ನಮ್ಮ ಕನ್ನಡದ ನಾಲಿಗೆಗೆ ಅದು ಯೆಪಿಡೆಮಿಯಾಲಜಿಯೇ. ಮೊದಲ ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಅದನ್ನು ಮತ್ತೊಮ್ಮೆ ಹೇಳಲು ಕೇಳಿದಳು. ಹೇಳಿದೆ. ಮತ್ತೆ ಕೇಳಿದಳು. ಕೊನೆಗೆ ಬೋರ್ಡಿನ ಮೇಲೆ ಬರೆದೆ. ವಿದೇಶದಿಂದ ಬಂದ ಬೋಧನಾ ಸಹಾಯಕರಿಗೆ ಅನೇಕ ವಿಶ್ವವಿದ್ಯಾಲಯಗಳು ಮಾತನಾಡುವ ಇಂಗ್ಲಿಷಿನ ಪರೀಕ್ಷೆಯನ್ನೇ ಇಟ್ಟಿವೆ. ಅದನ್ನು ಅವಮಾನವೆಂದು ತಿಳಿಯಬೇಕಿಲ್ಲ.

ಎಲ್ಲ ಕಡೆಯಂತೆ ನಮ್ಮಲ್ಲೂ ಪಾಠ ಶುರುವಾಗುತ್ತಿದ್ದುದು 1854ರ ಲಂಡನ್ನಿನ ಕಾಲರಾದಿಂದ. ಬ್ರಾಡ್ ಸ್ಟ್ರೀಟಿನ ಸುತ್ತ ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯ ಮನೆಮನೆ ವಿಚಾರಿಸಿ, ಅಲ್ಲಿದ್ದ ನೀರಿನ ಪಂಪಿನ ಕಡೆ ಬೆರಳು ತೋರಿಸಿದ. ಪಕ್ಕದ ಬಿಯರ್ ಕಾರ್ಖಾನೆಯ ಎಪ್ಪತ್ತು ಚಿಲ್ಲರೆ ಕೆಲಸಗಾರರಲ್ಲಿ ಒಬ್ಬನೂ ಕಾಲರಾದಿಂದ ಸಾಯಲಿಲ್ಲ. ಅವರು ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ತೆಗೆಸಿದರು, ಕಾಲರಾ ನಿಂತಿತು ಎಂದು ನಾನು ಕಥೆ ಮುಗಿಸಿದೆ. ಕೂಡಲೆ ಒಬ್ಬ ಕೈ ಎತ್ತಿ, "ಹಿಡಿ ತೆಗೆಯುವ ಮೊದಲೇ ಸಾವು ಇಳಿಮುಖವಾಗಿತ್ತಲ್ಲವೆ?" ಎಂದ.

ನನಗೆ ಗೊತ್ತಿರಲಿಲ್ಲ. ನಾವು ಓದಿದ ಕಾಲೇಜುಗಳಲ್ಲಿ ಇಂಥ ಪ್ರಶ್ನೆ ಕೇಳಿದವನನ್ನು ಮೇಷ್ಟ್ರು ನೋಡುತ್ತಿದ್ದ ರೀತಿ ನೆನಪಾಯಿತು. ಗದರಿಸುವ ಹಾಗಿಲ್ಲ, ಏನೋ ಒಂದು ಹೇಳಿ ತೇಲಿಸಲೂ ಧೈರ್ಯವಿಲ್ಲ. "ಗೊತ್ತಿಲ್ಲ, ಮುಂದಿನ ವಾರ ಹೇಳುತ್ತೇನೆ" ಎಂದೆ. ಆಕಾಶವೇನೂ ಬೀಳಲಿಲ್ಲ. ಹುಡುಕಿದರೆ ಅವನ ಮಾತೇ ನಿಜ. ಜನ ಹೆದರಿ ಬಡಾವಣೆ ಬಿಟ್ಟು ಓಡಿದ್ದರು, ರೋಗ ಆಗಲೇ ಇಳಿದಿತ್ತು. ಸ್ವತಃ ಸ್ನೋ ಅದನ್ನು ಒಪ್ಪಿ ಬರೆದಿದ್ದಾನೆ. ಆಮೇಲಿನಿಂದ ಪಾಠಕ್ಕೆ ಎರಡು ಪಟ್ಟು ಸಿದ್ಧಳಾಗಿ ಹೋಗತೊಡಗಿದೆ. 20 ಗಂಟೆಯ ಕೆಲಸ 28 ಆಗುವುದು ಹೀಗೆ. ಸಂಬಳ ಮಾತ್ರ 20ಕ್ಕೇ.

ಒಂದು ದಿನ ಮಾತ್ರ ನಾನೇ ತಜ್ಞೆ. ಪಠ್ಯದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯ ಪ್ರಸ್ತಾಪ ಬಂತು. ಅದರ ಹೆಸರು ಹೇಳಲು ಇಡೀ ತರಗತಿ ತಿಣುಕಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಗುರುತಿಸಿದ ನಮ್ಮ ಮಂಗನ ಕಾಯಿಲೆ ಅದು. ಉಣುಗು ಹೇಗೆ ಕಚ್ಚುತ್ತದೆ, ತರಗೆಲೆಗೆ ಕಾಡಿಗೆ ಹೋಗುವವರಿಗೇ ಅದು ಏಕೆ ಬರುತ್ತದೆ, ಮಂಗ ಸತ್ತ ಸುದ್ದಿ ಬಂದರೆ ಊರಿನವರು ಏಕೆ ಎಚ್ಚರಾಗುತ್ತಾರೆ ಎಂದು ಹೇಳಿದೆ. ಆ ದಿನ ನನ್ನ ಉಚ್ಚಾರಣೆಯನ್ನು ಯಾರೂ ಪ್ರಶ್ನಿಸಲಿಲ್ಲ.

ಇನ್ನು ತಿದ್ದುವ ಕೆಲಸ. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದ್ದುಂಟು. ಸ್ನೋನ ಇನ್ನೊಂದು ಲೆಕ್ಕವನ್ನು ಮನೆಗೆಲಸವಾಗಿ ಕೊಟ್ಟಿದ್ದೆವು. ಲಂಡನ್ನಿಗೆ ನೀರು ಕೊಡುತ್ತಿದ್ದ ಎರಡು ಕಂಪನಿಗಳಲ್ಲಿ ಕೊಳಕು ನೀರಿನದರ 40,046 ಮನೆಗಳಲ್ಲಿ 1,263 ಸಾವು. ಥೇಮ್ಸ್ ನದಿಯ ಮೇಲ್ಭಾಗದಿಂದ ನೀರು ತರುತ್ತಿದ್ದುದರ 26,107 ಮನೆಗಳಲ್ಲಿ 98. ಎಷ್ಟು ಪಟ್ಟು ಹೆಚ್ಚು ಅಪಾಯ ಎಂದು ಕಂಡುಹಿಡಿಯಬೇಕು. ಸುಮಾರು ಎಂಟು ಪಟ್ಟು. ಇಬ್ಬರ ಕಾಗದದಲ್ಲಿ 26,107ರ ಬದಲು 26,701 ಎಂದಿತ್ತು. ಅಂಕಿ ಅದಲುಬದಲಾದರೂ ಉತ್ತರದಲ್ಲಿ ಹೆಚ್ಚಿನ ವ್ಯತ್ಯಾಸ ಬರುವುದಿಲ್ಲ. ಬಿಟ್ಟುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಳಗಿನ ವಿವರಣೆಯೂ ಪದಕ್ಕೆ ಪದ ಒಂದೇ. ಆ ಇಬ್ಬರಲ್ಲಿ ಒಬ್ಬಳು ನನ್ನ ಜತೆ ಒಂದೇ ಮನೆಯಲ್ಲಿದ್ದವಳು. ಒಂದೇ ಕುಕ್ಕರಿನ ಅನ್ನ ಉಂಡವರು ನಾವು.

ರಾತ್ರಿ ಅವಳನ್ನೇ ಕೇಳಿದೆ. ಮುಚ್ಚಿಡಲಿಲ್ಲ, ಪಾಪ. "ಈ ಸಲ ಬಿಡು, ಮೇಲೆ ಹೋದರೆ ನನ್ನ ದಾಖಲೆಯಲ್ಲಿ ಸೇರುತ್ತದೆ, ಮನೆಯ ಮೇಲೆ ಸಾಲ ತೆಗೆದು ಬಂದಿದ್ದೇನೆ" ಎಂದಳು. ಸಾಲ ನನಗೂ ಇತ್ತು. ನಕಲು ಕಂಡೂ ಮುಚ್ಚಿದ ಸಹಾಯಕಿಯ ಕೆಲಸವೂ ಹೋಗುತ್ತದೆ, ಆ ಸಲದ ಶುಲ್ಕದ ವಿನಾಯಿತಿಯೂ ಹೋಗುತ್ತದೆ. ಎರಡು ದಿನ ಕಾಗದಗಳನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗಿ ಮೂರನೇ ದಿನ ಪ್ರಾಧ್ಯಾಪಕರ ಮುಂದಿಟ್ಟೆ. ಅವರಿಗೆ ನಕಲಿಗಿಂತ ಹೆಚ್ಚು ಸಿಟ್ಟು ಬಂದದ್ದು ನನ್ನ ಮೇಲೆ. ಜತೆಗಿರುವವಳ ಪತ್ರಿಕೆಯನ್ನು ನೀನು ತಿದ್ದಿದ್ದೇ ತಪ್ಪು, ಮೊದಲ ದಿನವೇ ಹೇಳಿದ್ದರೆ ಅವಳನ್ನು ಇನ್ನೊಂದು ಗುಂಪಿಗೆ ಹಾಕುತ್ತಿದ್ದೆ ಎಂದರು. ಅದು ನನಗೆ ಹೊಳೆದೇ ಇರಲಿಲ್ಲ. ಇಬ್ಬರಿಗೂ ಆ ಮನೆಗೆಲಸಕ್ಕೆ ಸೊನ್ನೆ ಬಿತ್ತು, ಅಷ್ಟಕ್ಕೆ ಮುಗಿಯಿತು. ಡಿಸೆಂಬರಿನಲ್ಲಿ ಅವಳು ಬೇರೆ ಮನೆ ಹಿಡಿದಳು. ನಾನು ಮಾಡಿದ್ದು ಸರಿಯೆಂದೇ ಈಗಲೂ ಅನ್ನಿಸುತ್ತದೆ, ಆದರೆ ಆ ಎರಡು ದಿನ ತಡಮಾಡಿದ್ದು ಅವಳಿಗೂ ನನಗೂ ಒಳ್ಳೆಯದಾಗಲಿಲ್ಲ.

ಪಾಲಕರಿಗೆ ಒಂದು ಮಾತು. ಮಗಳ ಅಂಕ ಎಷ್ಟೆಂದು ಅಲ್ಲಿನ ವಿಭಾಗಕ್ಕೆ ಫೋನ್ ಮಾಡಿದರೆ ಸಾಮಾನ್ಯವಾಗಿ ಹೇಳುವುದಿಲ್ಲ. 1974ರ ಕಾಯಿದೆಯ ಪ್ರಕಾರ ಕಾಲೇಜು ಸೇರಿದವರ ದಾಖಲೆಯ ಮೇಲಿನ ಹಕ್ಕು ಅವರದೇ. ಊರಿನಿಂದ ಬಂದ ಅಂಥ ಫೋನನ್ನು ನಾನೇ ಎತ್ತಿಕೊಂಡು, ಕನ್ನಡದಲ್ಲೇ "ಹೇಳಲಾಗದು ಅಂಕಲ್" ಎಂದದ್ದಿದೆ.

ಈಗ ದುಡ್ಡಿನ ವಿಷಯ. ಶುಲ್ಕ ಮಾಫಿಯ ಜತೆ ತಿಂಗಳ ವೇತನವೂ ಸಿಗುವ ಪೂರ್ಣ ನೆರವು ಹೆಚ್ಚಾಗಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ. ಎಂ.ಪಿ.ಎಚ್. ವೃತ್ತಿಪರ ಪದವಿಯಾದ್ದರಿಂದ ಅಲ್ಲಿ ಹೆಚ್ಚಿನವರು ಸ್ವಂತ ಖರ್ಚಿನಲ್ಲೇ ಓದುತ್ತಾರೆ. ಸಿಕ್ಕರೂ ಗಂಟೆ ಲೆಕ್ಕದ ಕೂಲಿ, ಇಲ್ಲವೆ ನನ್ನಂತೆ ಎರಡನೇ ವರ್ಷ ಅರ್ಧ ಶುಲ್ಕದ ವಿನಾಯಿತಿ. "ಹೋದ ಮೇಲೆ ಟಿ.ಎ. ಸಿಕ್ಕೇ ಸಿಗುತ್ತದೆ" ಎನ್ನುವ ಏಜೆಂಟರ ಮಾತು ನಂಬಿ ಜಮೀನು ಅಡವಿಡಬೇಡಿ. ಸಿಗುವುದಿದ್ದರೆ ಕಾಗದದಲ್ಲಿ ಬರುತ್ತದೆ. ಆ ಕಾಗದದಲ್ಲಿ ಶುಲ್ಕ ಪೂರ್ತಿ ಮಾಫಿಯೋ ಭಾಗಶಃವೋ, ಎಷ್ಟು ಸೆಮಿಸ್ಟರಿಗೆ, ಆರೋಗ್ಯ ವಿಮೆ ಯಾರ ಖರ್ಚು ಎಂಬುದನ್ನು ನೋಡಬೇಕು. ವೇತನದ ಮೇಲೆ ಆದಾಯ ತೆರಿಗೆಯೂ ಇದೆ. ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ನಡುವಿನ ಒಪ್ಪಂದದಿಂದ ಅಮೆರಿಕನ್ನರಿಗೆ ಸಿಗುವ ಸಾಮಾನ್ಯ ಕಡಿತ ಸಿಗುತ್ತದೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ನನಗೂ ಮೊದಲ ವರ್ಷ ತಿಳಿದಿರಲಿಲ್ಲ.

ಇಷ್ಟಾದರೂ ಆ ಹಣದಲ್ಲಿ ಬದುಕುವುದು ಕಷ್ಟವೆಂದು ಸಹಾಯಕರೇ ಬೀದಿಗಿಳಿದದ್ದುಂಟು. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸುಮಾರು 48,000 ಜನ ಬೋಧನಾ ಮತ್ತು ಸಂಶೋಧನಾ ನೌಕರರು ಮುಷ್ಕರ ಹೂಡಿದ್ದರು. ಈ ಸುದ್ದಿ ಓದಿ ಅಪ್ಪ ಫೋನ್ ಮಾಡಿದ್ದರು. "ಅವರಿಗೂ ಡಿ.ಎ. ಕೊಟ್ಟಿಲ್ಲವೆ?" ಎಂದು ಕೇಳಿದರು.